ನಲವತ್ತೆಂಟನೆಯ ದಿನದ ಗೂಬೆ

ನಾನು ಒಂದು ಗೂಬೆಯ ಮುಖ. ಮರ, ಮಣ್ಣು, ಬಟ್ಟೆ ಯಾವುದೂ ನನ್ನ ಮೈಯಲ್ಲಿಲ್ಲ. ಫೋನಿನಲ್ಲಿ ಆಡುವ ಒಂದು ಕೋಟೆ ಕಾಳಗದ ಆಟದಲ್ಲಿ, ಗೆದ್ದವರ ತಲೆಗೆ ಹಾಕುವ ಮುಖವಾಡ ನಾನು. ಫೋನು ಬೆಳಗಿದರೆ ಇದ್ದೇನೆ, ಆರಿದರೆ ಇಲ್ಲ. ಆದರೆ ನನ್ನಿಂದಾದ ಕೇಡು ಆದದ್ದು ನಿಜವಾದ ಮನೆಯಲ್ಲಿ, ನಿಜವಾದ ಮಂದಿಗೆ. ಅದನ್ನು ಹೇಳಿಕೊಳ್ಳದೆ ಹೋಗಬಾರದು ಎಂದು ಶುರು ಮಾಡಿದ್ದೇನೆ. ಇನ್ನು ಹನ್ನೊಂದು ದಿನಕ್ಕೆ ನನ್ನ ಆಟವೇ ಮುಚ್ಚುತ್ತದೆ.

ನನ್ನನ್ನು ಬರೆದವಳು ಕಡಲಾಚೆಯ ಯಾವುದೋ ಊರಿನ ಒಬ್ಬ ಹುಡುಗಿ. ಅವಳ ಕಡೆ ಗೂಬೆ ಎಂದರೆ ಜಾಣ ಹಕ್ಕಿಯಂತೆ. ಗೂಬೆ ಹೊಕ್ಕ ಮನೆಯನ್ನು ಬಿಟ್ಟುಹೋಗುವ ನಾಡೊಂದು ಇದೆ ಎಂದು ಅವಳಿಗೆ ಯಾರು ಹೇಳಬೇಕು? ಬೂದಿ ಬಣ್ಣದ ಗರಿ ಬರೆದಳು, ಕಿತ್ತಳೆ ಬಣ್ಣದ ದೊಡ್ಡ ಕಣ್ಣು ಬರೆದಳು, ಮುಚ್ಚಿದ ಕೊಕ್ಕು ಬರೆದಳು. ರೆಪ್ಪೆ ಬರೆಯಲು ಹೊತ್ತು ಸಿಗಲಿಲ್ಲವೋ ಮನಸ್ಸಾಗಲಿಲ್ಲವೋ, ಬಿಟ್ಟಳು. ಹಾಗಾಗಿ ನನ್ನ ಕಣ್ಣು ಒಮ್ಮೆಯೂ ಮುಚ್ಚಿಲ್ಲ. ಎದುರಿಗೆ ನಡೆದದ್ದನ್ನೆಲ್ಲ ನೋಡುತ್ತಲೇ ಇರಬೇಕಾಯಿತು.

ನನ್ನನ್ನು ಗೆಲ್ಲುವುದಕ್ಕೆ ಒಂದು ಕಟ್ಟಳೆ ಇತ್ತು. ಆಟ ಶುರುವಾದ ಮೊದಲ ವರ್ಷ, ಒಂದು ದಿನವೂ ತಪ್ಪದೆ ನಲವತ್ತೆಂಟು ದಿನ ಆಡಬೇಕು; ಕಡೆಯ ದಿನದ ಕಾಳಗವನ್ನು ಗೆಲ್ಲಲೇಬೇಕು. ಅಂಥವರು ಲೋಕಕ್ಕೆಲ್ಲ ಮುನ್ನೂರ ಹನ್ನೊಂದು ಮಂದಿ ಸಿಕ್ಕರು. ನನ್ನ ಚಿತ್ರದ ಕೆಳಗೆ ಎರಡು ಸಾಲು ಕೆತ್ತಿದ್ದರು: "ಈ ಸಲ ಮಾತ್ರ. ಇನ್ನೆಂದೂ ಯಾರಿಗೂ ಇಲ್ಲ." ಗೆದ್ದವರ ಹೆಸರಿಗೇ ನಾನು ಅಂಟಿಕೊಂಡಿರುತ್ತೇನೆ, ಹೆಸರು ಬದಲಿಸಿದರೆ ಉದುರಿಹೋಗುತ್ತೇನೆ. ಆ ಎರಡು ಸಾಲನ್ನು ಹಣೆಬರಹದಂತೆ ಹೊತ್ತು ಮೆರೆದೆ. ನನಗಿದ್ದ ಸೊಕ್ಕು ಕಿರೀಟಕ್ಕೂ ಇರಲಿಕ್ಕಿಲ್ಲ.

ನನ್ನ ಒಡತಿ ಗದಗ ಬೆಟಗೇರಿಯ ಶಿವಲೀಲಾ. ಮನೆಯಲ್ಲಿ ಲೀಲಾ. ಅವಳ ಅಣ್ಣ ಚನ್ನಬಸು ಮೋಟರ್ ರಿವೈಂಡಿಂಗ್ ಅಂಗಡಿಯಲ್ಲಿ ತಂತಿ ಸುತ್ತುವ ಕೆಲಸಕ್ಕೆ ಹೋಗುತ್ತಿದ್ದ. ತಂಗಿಗಿಂತ ನಾಲ್ಕೇ ವರ್ಷ ದೊಡ್ಡವನಾದರೂ ಅವಳನ್ನು "ಲೀಲವ್ವ" ಎಂದು ಮುದುಕಿಯನ್ನು ಕರೆದಂತೆ ಕರೆಯುತ್ತಿದ್ದ. ಅಪ್ಪ ಫಕೀರಪ್ಪ ಲಗ್ನಪತ್ರಿಕೆ ಅಚ್ಚು ಹಾಕುವ ಪ್ರೆಸ್ಸಿನಲ್ಲಿ ದುಡಿದು, ಕಣ್ಣು ಮಂಜಾದ ಮೇಲೆ ಮನೆ ಸೇರಿದ್ದ. ಅವ್ವ ಗೌರವ್ವ. ಇಷ್ಟೇ ಮನೆ.

ನಲವತ್ತೆಂಟು ದಿನ ಎಂದ ಕೂಡಲೇ ಬಸುವಿಗೆ ಹೊಳೆದದ್ದು ಮಂಡಲ. ಇದನ್ನು ಮಂಡಲ ವ್ರತದ ಹಾಗೇ ಮಾಡಬೇಕು ಎಂದ. ಸ್ನಾನ ಮಾಡದೆ ಆಟ ಮುಟ್ಟುತ್ತಿರಲಿಲ್ಲ. ಆಟದಲ್ಲಿ ಕಾಳಗಕ್ಕೆ ಮುಂಚೆ ಎಲ್ಲರೂ ಸೇರುವ ಒಂದು ಅಂಗಳವಿದೆ, ನಡುವೆ ಕಲ್ಲುಕಟ್ಟೆಯ ಬಾವಿ. ಅಣ್ಣ ತಂಗಿ ಆ ಬಾವಿಯನ್ನು ಬಲಕ್ಕೆ ಮೂರು ಸುತ್ತು ಬಂದೇ ಕಾಳಗಕ್ಕೆ ಇಳಿಯುವರು. ಬೇರೆ ನಾಡಿನವರು ಇವರಿಗೇನೋ ಹುಚ್ಚು ಎಂದುಕೊಂಡು ನಗುತ್ತಿದ್ದರು. ಇವರ ತಂಡದ ಮೂರನೆಯವನು ಹರಪನಹಳ್ಳಿಯ ದಾದಾಪೀರ್. ಅಣ್ಣ ತಂಗಿ ಅವನ ಮುಖ ಕಂಡವರಲ್ಲ, ದನಿಯಷ್ಟೇ ಪರಿಚಯ. ವ್ರತವೆಂದರೆ ವ್ರತ ಎಂದು ಅವನೂ ನಲವತ್ತೆಂಟು ದಿನ ಮಟನ್ ಬಿಟ್ಟಿದ್ದ. ಅವರ ಮನೆಯಲ್ಲಿ ಹುಡುಗನಿಗೆ ಏನೋ ಬೇನೆ ಬಂದಿದೆ ಎಂದು ತಾಯಿತ ಕಟ್ಟಿಸಿದರಂತೆ.

ಹಾಜರಿ ತಪ್ಪಬಾರದಲ್ಲ, ಅದಕ್ಕೆ ಈ ಮೂವರೂ ಒಂದು ರೂಢಿ ಮಾಡಿಕೊಂಡರು. ಊರಿಗೆ ಹೋಗುವವರು ಪಕ್ಕದ ಮನೆಯವರ ಕೈಗೆ ಬೀಗದ ಕೀಲಿ ಕೊಟ್ಟು ಹೋಗುವುದಿಲ್ಲವೇ? ಹಾಗೆ ತಮ್ಮ ತಮ್ಮ ಪಾಸ್‌ವರ್ಡ್ ಒಬ್ಬರಿಗೊಬ್ಬರು ಕೊಟ್ಟುಕೊಂಡಿದ್ದರು. ಅದನ್ನು ಅವರು ಪಾಸ್‌ವರ್ಡ್ ಎಂದು ಕರೆದದ್ದೇ ಇಲ್ಲ. ಕೀಲಿ ಎಂದೇ ಕರೆಯುತ್ತಿದ್ದರು. ಒಬ್ಬರಿಗೆ ಜ್ವರ ಬಂದರೆ ಇನ್ನೊಬ್ಬರು ಅವರ ಬಾಗಿಲು ತೆರೆದು ಅಂದಿನ ಆಟ ಆಡಿಕೊಡುವುದು. ಆಟದವರ ಕಾನೂನಿನಲ್ಲಿ ಇದು ತಪ್ಪು. ಬೆಟಗೇರಿಯ ಕಾನೂನಿನಲ್ಲಿ ಕೀಲಿ ಕೊಡದವನೇ ಪರಕೀಯ.

ನಲವತ್ತೆಂಟನೆಯ ದಿನ ಲೀಲಾಳಿಗೆ ಡಿ.ಎಡ್. ಪರೀಕ್ಷೆ ಬಂತು. ಬಸು ಬೆಳಿಗ್ಗೆಯೇ ತನ್ನ ಕಾಳಗ ಗೆದ್ದು ತನ್ನ ಗೂಬೆಯನ್ನು ಪಡೆದುಬಿಟ್ಟಿದ್ದ. "ನೀ ಪೇಪರ್ ಬರಿ, ನಿಂದು ನಾ ನೋಡ್ಕೋತೀನಿ" ಎಂದು ತಂಗಿಯನ್ನು ಕಳಿಸಿದ. ಮಧ್ಯಾಹ್ನ ಹನ್ನೆರಡರ ಸುಮಾರಿಗೆ ಅವಳ ಕೀಲಿಯಿಂದ ಅವಳ ಬಾಗಿಲು ತೆರೆದು ಕುಳಿತ. ಕಿವಿಗೆ ಇಯರ್‌ಫೋನು. ಅವ್ವ ಗಿರಣಿಗೆ ಹೋಗಿದ್ದಳು. ದಾದಾಪೀರ್ ಜೊತೆಗಾರ. ಕಾಳಗದ ಕೊನೆಯ ಏಳು ಮಂದಿ ಉಳಿದಿದ್ದರು.

ಹಿತ್ತಿಲಿಂದ ಅಪ್ಪನ ದನಿ ಬಂತು. ಬಸೂ ಎಂದು ಒಂದು ಸಲ. ಮೈಕು ತೆರೆದಿತ್ತು, ಹರಪನಹಳ್ಳಿಯವರೆಗೂ ಕೇಳಿಸಿತು. ಬಸಣ್ಣಾ, ಯಾರೋ ಕರಿಯಾಕ ಹತ್ತ್ಯಾರ ನೋಡು ಎಂದ ದಾದಾಪೀರ್.

"ಅಪ್ಪ ಅದಾನ, ನೀರು ಕೇಳಾಕತ್ತಿರಬೇಕು. ಐದ ಮಿನಿಟ."

ಎರಡನೆಯ ಸಲ ಕರೆದ ದನಿ ಸಣ್ಣದಾಗಿತ್ತು. ಮೂರನೆಯದು ಕರೆಯಂತೆಯೇ ಇರಲಿಲ್ಲ. ಬಸು ಕೊನೆಯ ಮೂವರನ್ನು ಕೆಡವಿ ಗೆದ್ದ. ಆಟದೊಳಗೆ ತಮಟೆ ಮೊಳಗಿತು, ಪಟಾಕಿ ಹಾರಿತು, ಆ ಗದ್ದಲದಲ್ಲಿ ನಾನು ಹುಟ್ಟಿ ಲೀಲಾಳ ಹೆಸರಿಗೆ ಅಂಟಿಕೊಂಡೆ. ಲೋಕದಲ್ಲಿ ನಾನು ಕೇಳಿದ ಮೊದಲ ಸದ್ದು, ಆ ಪಟಾಕಿಯ ಹಿಂದೆ, ಹಿತ್ತಿಲ ಬಚ್ಚಲಗಲ್ಲಿನ ಮೇಲೆ ಉರುಳುತ್ತಿದ್ದ ತಾಮ್ರದ ತಂಬಿಗೆಯದು.

ಬಚ್ಚಲಲ್ಲಿ ಬಿದ್ದಿದ್ದ ಗಂಡನನ್ನು ಮೊದಲು ಕಂಡವಳು ಗಿರಣಿಯಿಂದ ಬಂದ ಗೌರವ್ವನೇ. ಫಕೀರಪ್ಪ ಮೂರು ದಿನ ಆಸ್ಪತ್ರೆಯಲ್ಲಿದ್ದು ತೀರಿಕೊಂಡ. ಬಿದ್ದ ಕೂಡಲೇ ಎತ್ತಿ ತಂದಿದ್ದರೆ ಉಳಿಯುತ್ತಿದ್ದನೇನೋ ಎಂದು ಡಾಕ್ಟರು ಒಂದು ಮಾತು ಅಂದರಂತೆ. ಉಳಿಯುತ್ತಿದ್ದನೇನೋ ಎಂಬ ಆ "ಏನೋ" ಆ ಮನೆಯನ್ನು ಎರಡು ಹೋಳು ಮಾಡಿತು.

ಶಿವಗಣಾರಾಧನೆಗೆ ಬಂದ ಮಂದಿ ಎದ್ದುಹೋದ ಮೇಲೆ ಗೌರವ್ವ ಮಗನಿಗೆ ಒಂದೇ ಮಾತು ಅಂದಳು. ಲೀಲಾಳ ಫೋನು ಜಗಲಿಯ ಮೇಲೆ ಬೆಳಗಿಕೊಂಡೇ ಇತ್ತು, ನಾನು ಅದರೊಳಗಿದ್ದೆ.

"ನಿನ್ನ ಆಟ ನಿಮ್ಮಪ್ಪನ್ನ ನುಂಗಿತು. ನಿನ್ನ ಮಾರಿ ನನಗ ತೋರಸಬ್ಯಾಡ."

ತಾನು ಆಡಿದ್ದು ತಂಗಿಗಾಗಿ ಎಂದು ಬಸು ಹೇಳಬಹುದಿತ್ತು. ಹೇಳಲಿಲ್ಲ. ತಂಗಿಯ ಕಡೆ ತಿರುಗಿಯೂ ನೋಡಲಿಲ್ಲ, ನೋಡಿದರೆ ಅವ್ವನಿಗೆ ಗೊತ್ತಾದೀತು ಎಂದು. ಲೀಲಾ ಬಾಯಿ ತೆರೆದಳು. ಹಾಗೇ ಮುಚ್ಚಿಕೊಂಡಳು. ಮರುದಿನ ಬೆಳಿಗ್ಗೆ ಬಸು ಮನೆಯಲ್ಲಿರಲಿಲ್ಲ. ಫೋನಿನ ನಂಬರು ಸತ್ತಿತ್ತು. ಪೊಲೀಸರಿಗೆ ದೂರು ಕೊಟ್ಟದ್ದಾಯಿತು, ಪೇಪರಿನಲ್ಲಿ ಫೋಟೋ ಹಾಕಿಸಿದ್ದಾಯಿತು, ದಾವಣಗೆರೆಯಲ್ಲಿ ನೋಡಿದೆ ಎಂದು ಒಬ್ಬರು, ಸೊಲ್ಲಾಪುರದಲ್ಲಿ ಎಂದು ಇನ್ನೊಬ್ಬರು. ಇದರ ತಪ್ಪೆಲ್ಲ ತನ್ನದು, ಗೂಬೆ ಕೂತದ್ದು ಮಾತ್ರ ಅಣ್ಣನ ತಲೆಯ ಮೇಲೆ ಎಂದು ಲೀಲಾ ಒಳಗೊಳಗೇ ಬೆಂದಳು. ಅವ್ವನೆದುರು ಅದನ್ನು ಹೇಳುವ ಧೈರ್ಯ ಮಾತ್ರ ಅವಳಿಗೆ ವರ್ಷಗಳೇ ಕಳೆದರೂ ಬರಲಿಲ್ಲ.

ಹೀಗೆ ನಾನು ಅವಳ ಕೈಯಲ್ಲಿ ಐದು ವರ್ಷ ಇದ್ದೆ. ಅವಳು ಖಾಸಗಿ ಶಾಲೆಯೊಂದರಲ್ಲಿ ಎರಡನೇ ಇಯತ್ತೆಗೆ ಟೀಚರ್ ಆದಳು. ಕಾಳಗ ಆಡುವುದನ್ನು ಬಿಟ್ಟಳು, ನನ್ನನ್ನು ಬಿಡಲಿಲ್ಲ. ಮಧ್ಯಾಹ್ನ ಒಂದಕ್ಕೆ ಊಟದ ಗಂಟೆ ಹೊಡೆದರೆ ಡಬ್ಬಿ ತೆರೆದು, ಪಕ್ಕದಲ್ಲಿ ಫೋನು ಒರಗಿಸಿಟ್ಟು ಅಂಗಳಕ್ಕೆ ಬರುವಳು. ಬಾವಿಯನ್ನು ಮೂರು ಸುತ್ತು ಬಂದು ಕಟ್ಟೆಯ ಮೇಲೆ ಕೂರುವಳು. ನಮ್ಮ ಆಟದಲ್ಲಿ ತಲೆಯ ಮೇಲೆ ಹೆಸರು ತೇಲುವುದಿಲ್ಲ. ಯಾರನ್ನಾದರೂ ಬೆರಳಿಂದ ಮುಟ್ಟಿದರಷ್ಟೇ ಹೆಸರು ಕಾಣುತ್ತದೆ. ಸಾವಿರ ತಲೆಗಳ ನಡುವೆ ಅಣ್ಣನನ್ನು ಗುರುತಿಸಲು ಅವಳಿಗಿದ್ದದ್ದು ಒಂದೇ ದಾರಿ, ಇನ್ನೊಂದು ಗೂಬೆ. ನಾವು ಇಡೀ ಲೋಕದಲ್ಲಿ ಮುನ್ನೂರ ಹನ್ನೊಂದೇ. ಎಂದಾದರೂ ಅಂಗಳದಲ್ಲಿ ಇನ್ನೊಂದು ಗೂಬೆ ಬಂದು ಬಾವಿ ಸುತ್ತಿದರೆ ಅದು ಬಸು. ಮನೆಗೆ ಮುಖ ತೋರಿಸಲಾರದವನು ಮುಖ ತೋರಿಸದೆ ಬರಬಹುದಾದ ಜಾಗ ಇದೊಂದೇ ಎಂದು ಅವಳು ನಂಬಿದ್ದಳು. ಆ ನಂಬಿಕೆ ಸುಳ್ಳಾಗಿರಲಿಲ್ಲ. ಅದೇ ನನ್ನ ಸಂಕಟ.

ಐದನೆಯ ವರ್ಷ ಆಟದವರು ಒಂದು ಓಲೆ ಹೊರಡಿಸಿದರು. ಗೂಬೆಯ ಮುಖವನ್ನು ಮತ್ತೆ ಕೊಡಿ ಎಂದು ಲಕ್ಷಾಂತರ ಮಂದಿ ಕೇಳುತ್ತಿದ್ದಾರೆ. ಕೊಡಬೇಕೋ ಬೇಡವೋ, ಗೆದ್ದ ಮುನ್ನೂರ ಹನ್ನೊಂದು ಮಂದಿಯೇ ಮತ ಹಾಕಿ ತೀರ್ಮಾನಿಸಲಿ ಎಂದು. ಅಂಗಳದಲ್ಲಿ ಮಾತೋ ಮಾತು. ಹೊಸಬನೊಬ್ಬ ಕೇಳಿದ, ನೀವು ಗೆದ್ದಾಗ ನಾನು ಏಳನೇ ಇಯತ್ತೆಯಲ್ಲಿದ್ದೆ, ಮನೆಯಲ್ಲಿ ಫೋನೇ ಇರಲಿಲ್ಲ, ತಡವಾಗಿ ಹುಟ್ಟಿದ್ದು ನನ್ನ ತಪ್ಪೇ? ನಾವು ಕಣ್ಣು ಕೆಂಪಗೆ ಮಾಡಿಕೊಂಡು ದುಡಿದದ್ದನ್ನು ಬೀದಿಯಲ್ಲಿ ಹಂಚಿದರೆ ನಮ್ಮ ಬೆವರಿಗೆ ಏನರ್ಥ ಎಂದು ಹಳಬರು. ಕೊಟ್ಟ ಮಾತಿಗೆ ತಪ್ಪುವವರ ಆಟವನ್ನು ಯಾಕೆ ಆಡಬೇಕು ಎಂದು ಇನ್ನು ಕೆಲವರು. ಅದೂ ಸುಳ್ಳಲ್ಲ. ನಾನಂತೂ ಎದೆಯುಬ್ಬಿಸಿ ಕೂತಿದ್ದೆ. ಎಲ್ಲರ ತಲೆಗೂ ಹತ್ತುವುದಕ್ಕೆ ನಾನೇನು ಬಸ್‌ಸ್ಟ್ಯಾಂಡಿನಲ್ಲಿ ಸಿಗುವ ಟೋಪಿಯೇ?

ದಾದಾಪೀರ್ ಮಾತ್ರ, ತಾನೇ ಒಂದು ಗೂಬೆಯ ಒಡೆಯನಾದರೂ, ಎಲ್ಲರಿಗೂ ಕೊಡಲಿ ಎಂದ. ತಿಂಗಳಿಂದ ಯಾರು ಯಾರೋ ಸಂದೇಶ ಕಳಿಸಿ ಅವನ ಮುಖವಾಡದ ಮೇಲೆ ಕಣ್ಣು ಹಾಕಿದ್ದರಂತೆ. ಹೆಸರಿನಿಂದ ಮುಖವಾಡವನ್ನು ಬೇರೆ ಮಾಡಲು ಬರುವುದಿಲ್ಲವಾದ್ದರಿಂದ, ಬೇಕಾದವರು ಹೆಸರನ್ನೂ ಬಾಗಿಲನ್ನೂ ಒಟ್ಟಿಗೇ ಎತ್ತಿಕೊಂಡು ಹೋಗುತ್ತಾರೆ ಎಂದು ಅವನಿಗೆ ಹೆದರಿಕೆ ಹತ್ತಿತ್ತು.

"ಲೀಲಕ್ಕ, ಒಂದು ಸಾಮಾನು ಎಲ್ಲಾರ ಮನ್ಯಾಗ ಇದ್ರ ಕಳ್ಳಗೇನು ಕೆಲಸ ಐತಿ? ಇದು ನಮ್ಮತ್ರ ಅಷ್ಟ ಐತಿ ಅನ್ನೋದಕ್ಕನ ನನಗ ಅಂಜಿಕಿ."

ಲೀಲಾ ಒಪ್ಪಲಿಲ್ಲ. ಎಲ್ಲರ ತಲೆಯ ಮೇಲೂ ಗೂಬೆ ಕೂತರೆ ಅವಳು ಅಣ್ಣನನ್ನು ಹುಡುಕುವುದು ಹೇಗೆ? ಅದನ್ನು ಅವಳು ಯಾರಿಗೂ ಹೇಳಲಿಲ್ಲ. ಕೊಟ್ಟ ಮಾತು, ಪಟ್ಟ ಶ್ರಮ ಎಂದೆಲ್ಲ ಚಂದದ ಕಾರಣ ಬರೆದಳು. ಟೀಚರ್ ಅಲ್ಲವೇ, ಬರೆದರೆ ತಲೆದೂಗುವ ಹಾಗೆ ಬರೆಯುತ್ತಾಳೆ. ಮನಸ್ಸು ಹೊಯ್ದಾಡುತ್ತಿದ್ದ ಎಷ್ಟೋ ಮಂದಿ ಅವಳ ಮಾತು ಓದಿ ಅತ್ತ ವಾಲಿದರು. ಮತ ಎಣಿಸಿದಾಗ, ಕೊಡಕೂಡದು ಎನ್ನುವವರು ಒಂಬತ್ತು ಮತದಿಂದ ಗೆದ್ದರು. ನನ್ನ ಕೆಳಗಿನ ಎರಡು ಸಾಲಿಗೂ ಆಟದವರು ಚಿನ್ನದ ಬಣ್ಣ ಬಳಿದರು. ಆ ದಿನ ಸಂತೋಷಪಟ್ಟದ್ದಕ್ಕೆ ಈಗ ನಾಚುತ್ತೇನೆ. ಇನ್ನು ಎಂದಿಗೂ ಸಿಗದು ಎಂದು ಗಟ್ಟಿಯಾದ ಮೇಲೆ, ಸುಮ್ಮನೆ ಆಸೆಪಟ್ಟಿದ್ದವರೂ ಹಸಿದ ಕಣ್ಣಿನಿಂದ ನೋಡತೊಡಗಿದರು. ಅಂಗಳದಲ್ಲಿ ನಮ್ಮ ಸುತ್ತ ನಿಲ್ಲುವ ಮಂದಿ ದಿನೇ ದಿನೇ ಹೆಚ್ಚಿದರು. ಸುಮ್ಮನೆ ನಿಂತು ನೋಡುತ್ತಿದ್ದರು. ಗೂಬೆಗಳು ಒಂದೊಂದಾಗಿ ಒಡೆಯರನ್ನು ಬದಲಿಸಿದವು. ಬದಲಿಸಿದ್ದು ಹೊರಗೆ ಕಾಣುವಂತಿರಲಿಲ್ಲ. ಹೆಸರು ಅದೇ, ಮುಖ ಅದೇ, ಒಳಗೆ ಮಾತ್ರ ಬೇರೆಯವರು. ನಡಿಗೆ ನೋಡಿದರೆ ನನಗೆ ಗೊತ್ತಾಗುತ್ತಿತ್ತು.

ಆರು ತಿಂಗಳ ಮೇಲೆ, ಒಂದು ಬುಧವಾರ ಮಧ್ಯಾಹ್ನ, ಅಂಗಳದ ಮೂಡಣ ಬಾಗಿಲಿಂದ ಒಂದು ಗೂಬೆ ಬಂತು. ಲೀಲಾ ಮುಟ್ಟಿ ನೋಡಿದಳು. ಚನ್ನಬಸು ಬೆಟಗೇರಿ.

ಅಣ್ಣಾ ಎಂದು ಬರೆದಳು, ತಪ್ಪಾಯಿತು, ಅಳಿಸಿದಳು, ಮತ್ತೆ ಬರೆದಳು. ಮೈಕು ಹಾಕು, ದನಿ ಕೇಳಬೇಕು ಎಂದಳು. ಮೈಕು ಕೆಟ್ಟಿದೆ ಎಂದು ಉತ್ತರ ಬಂತು. ಜೊತೆಗೆ ಲೀಲವ್ವ ಎಂದೂ ಬಂತು. ಆ ಒಂದು ಹೆಸರಿಗೆ ಅವಳ ಕಣ್ಣು ತುಂಬಿತು. ಹಳೆಯ ಮಾತುಕತೆಯೆಲ್ಲ ಬಸುವಿನ ಬಾಗಿಲೊಳಗೇ ಉಳಿದಿರುತ್ತದೆ, ಒಳಹೊಕ್ಕವರು ಯಾರು ಬೇಕಾದರೂ ಓದಿಕೊಳ್ಳಬಹುದು ಎಂಬುದು ಅವಳಿಗೆ ಆ ಹೊತ್ತಿನಲ್ಲಿ ತೋಚಲಿಲ್ಲ. ಅವನ ಫೋನು ಯಾವ ಬಸ್ಸಿನಲ್ಲಿ ಕಳೆದಿತ್ತೋ, ಯಾರ ಕೈ ಸೇರಿತ್ತೋ.

ನನಗೆ ಮಾತ್ರ ಕಂಡಿತು. ಆ ಗೂಬೆ ಬಾವಿ ಸುತ್ತಿರಲಿಲ್ಲ. ನೆಟ್ಟಗೆ ನಮ್ಮ ಕಡೆಗೇ ನಡೆದುಬಂದಿತ್ತು. ಲೀಲಾಳಿಗೂ ಕಂಡಿರಬೇಕು, ಐದಾರು ವರ್ಷವಾಯಿತು, ಮರೆತಿರುತ್ತಾನೆ ಎಂದು ಸಮಾಧಾನ ಮಾಡಿಕೊಂಡಿರಬೇಕು. ಹಸಿದವಳಿಗೆ ಹಳಸಿದ್ದೂ ಅನ್ನವೇ.

ವರ್ಷಗಟ್ಟಲೆ ಎದೆಯಲ್ಲಿ ಇಟ್ಟುಕೊಂಡದ್ದನ್ನು ಅವಳು ಅಲ್ಲೇ ಬರೆದಳು.

"ಅಣ್ಣಾ, ಅವತ್ತ ನೀ ಕೂತು ಆಡಿದ್ದು ನನ್ನ ಸಲುವಾಗಿ. ಅವ್ವಗ ನಾ ಇನ್ನೂ ಹೇಳಿಲ್ಲ. ನನಗ ಬಾಯಿ ಬರಲಿಲ್ಲ. ನನ್ನ ತಪ್ಪು ನೀ ಹೊತಗೊಂಡು ಹೋದಿ."

ಆಚೆ ಕೂತವನು, ಇದೇನು ಕಥೆ ಎಂದು ತಲೆ ಕೆರೆದುಕೊಂಡಿರಬೇಕು. ಆಮೇಲೆ ಬಂತು: "ಇರಲಿ ಬಿಡು. ಆಗಿದ್ದು ಆಯ್ತು."

ಊಟದ ಡಬ್ಬಿಯ ಮೇಲೆ ಬಾಗಿ ಅವಳು ಅತ್ತಳು. ಯಾವನೋ ಕಳ್ಳ ಕೊಟ್ಟ ಕ್ಷಮೆ ಅದು. ಅವಳ ಎದೆ ಹಗುರಾದದ್ದು ಮಾತ್ರ ನಿಜ. ಎಲ್ಲಿದ್ದೀಯ, ಊಟಕ್ಕೇನು ಮಾಡುತ್ತೀಯ, ಮದುವೆಯಾದೆಯಾ ಎಂದು ಒಂದರ ಮೇಲೊಂದು ಕೇಳಿದಳು. ಎಲ್ಲಾ ಆಮೇಲೆ ಹೇಳುತ್ತೇನೆ ಎಂದ ಅವನು. ಮೊದಲಿನ ಹಾಗೆ ನಿನ್ನ ಕೀಲಿ ನನಗೆ ಕೊಡು, ನಾಳೆಯಿಂದ ಇಬ್ಬರೂ ಕೂಡಿ ಆಡೋಣ ಎಂದ.

ಕೊಡಬೇಡ ಎಂದು ಕೂಗಲು ನನಗೆ ಬಾಯಿ ಎಲ್ಲಿದೆ? ಬೇರೆ ಯಾವ ಊರಿನವಳಾದರೂ ಅನುಮಾನಪಡುತ್ತಿದ್ದಳು. ಈ ತಂಡದಲ್ಲಿ ಕೀಲಿ ಕೇಳುವುದೆಂದರೆ ಅಣ್ಣ ಮನೆಗೆ ಬಂದ ಹಾಗೆ. ಬಾಗಿಲು ತೆಗೆಯದೆ ಇರುತ್ತಾರೆಯೇ? ಕೊಟ್ಟಳು. ಎರಡನೆಯ ಗಂಟೆ ಹೊಡೆಯಿತು. ಮಕ್ಕಳಿಗೆ ಮಗ್ಗಿ ಹೇಳಿಸಲು ಎದ್ದುಹೋದಳು. ಆ ದಿನ ಅವಳ ನಡಿಗೆ ಹಗುರವಾಗಿತ್ತು. ಅವಳನ್ನು ನಾನು ನನ್ನ ಒಡತಿಯಾಗಿ ಕಂಡದ್ದು ಅದೇ ಕೊನೆ.

ಕಳ್ಳನ ಕೈಯಲ್ಲಿ ಎರಡು ದಿನ ಇದ್ದೆ, ಆಮೇಲೆ ಇನ್ನೊಬ್ಬನಿಗೆ ದಾಟಿದೆ. ಈಗಿನ ಒಡೆಯ ಕೆಟ್ಟವನಲ್ಲ. ಯಾವುದೋ ಪಟ್ಟಣದ ತರುಣ, ಕದ್ದ ಮಾಲೆಂದು ಅವನಿಗೆ ತಿಳಿಯದು. ಹಳಬರೊಬ್ಬರು ಆಟ ಬಿಟ್ಟರು, ಅವರಿಂದ ಬಂತು ಎಂದು ನಂಬಿದ್ದಾನೆ. ಹೆಸರು ಬದಲಿಸಿದರೆ ನಾನು ಉದುರಿಹೋಗುತ್ತೇನಲ್ಲ, ಅದಕ್ಕೆ ಶಿವಲೀಲಾ ಎಂಬ ಹೆಸರನ್ನು ಹಾಗೇ ಉಳಿಸಿಕೊಂಡ. ಕಾಳಗಕ್ಕೆ ಹೋಗುವುದು ಕಡಿಮೆ. ದಿನವಿಡೀ ನನ್ನನ್ನು ಅಂಗಳದ ಎತ್ತರದ ಮೆಟ್ಟಿಲ ಮೇಲೆ ನಿಲ್ಲಿಸಿ ತನ್ನ ಕೆಲಸ ನೋಡಿಕೊಳ್ಳುತ್ತಾನೆ. ಹೋಗಿ ಬರುವವರೆಲ್ಲ ತಲೆಯೆತ್ತಿ ನೋಡಲಿ ಎಂದು.

ತನ್ನ ಬಾಗಿಲು ತನಗೇ ತೆರೆಯದಾದಾಗ, ಬಂದವನು ಅಣ್ಣನಲ್ಲ ಎಂದು ಅರಿತು ಲೀಲಾ ಆಟದವರಿಗೆ ದೂರು ಕೊಟ್ಟಳು. ಪಾಸ್‌ವರ್ಡನ್ನು ನೀವೇ ಕೊಟ್ಟಿದ್ದೀರಿ, ಅದು ನಿಯಮಕ್ಕೆ ವಿರುದ್ಧ, ನಾವೇನೂ ಮಾಡಲಾಗದು ಎಂದರು. ಹೊಸ ಬಾಗಿಲು ಮಾಡಿಕೊಂಡು, ಬರಿದಲೆಯ ಹೊಸಬಳಾಗಿ ಅಂಗಳಕ್ಕೆ ಬಂದು ನನ್ನ ಒಡೆಯನಿಗೆ ಸಂದೇಶದ ಮೇಲೆ ಸಂದೇಶ ಕಳಿಸಿದಳು. ಗೂಬೆ ಬೇಡುವವರು ದಿನಕ್ಕೆ ನೂರು ಮಂದಿ. ಅವಳೂ ಅಂಥವಳೇ ಎಂದು ಅವನು ಅವಳ ಬಾಯಿ ಮುಚ್ಚಿಸಿಟ್ಟ. ಅಂದಿನಿಂದ ಅವಳು ಬರೆದದ್ದು ಅವನಿಗೆ ಮುಟ್ಟುವುದಿಲ್ಲ.

ಆದರೂ ಅವಳು ಬರುವುದು ಬಿಡಲಿಲ್ಲ. ಒಂದು ಗಂಟೆಗೆ ಬಂದು ಬಾವಿಯನ್ನು ಮೂರು ಸುತ್ತು ಬಂದು ಕಟ್ಟೆಯ ಮೇಲೆ ಕೂರುತ್ತಾಳೆ. ಈಗ ಗೂಬೆಯನ್ನು ನಂಬಿಕೊಂಡಿಲ್ಲ, ಬಾವಿ ಸುತ್ತುವವನನ್ನು ಕಾಯುತ್ತಾಳೆ. ಒಮ್ಮೊಮ್ಮೆ ದಾದಾಪೀರ್ ಬಂದು ಜೊತೆಗೆ ಕೂರುತ್ತಾನೆ. ಬಾವಿಯ ಹತ್ತಿರ ಆಡಿದ ಮಾತು ನನಗೆ ಕೇಳಿಸುತ್ತದೆ. ಆಟ ಮುಚ್ಚುವ ಸುದ್ದಿ ಬಂದ ಮರುದಿನ ಅವಳು ಅವನಿಗೆ ಹೇಳಿದ್ದನ್ನು ಹಾಗೇ ಕೇಳಿಸಿಕೊಂಡೆ. ಕೊನೆಗೂ ಅವ್ವನಿಗೆ ಎಲ್ಲ ಹೇಳಿಬಿಟ್ಟಳಂತೆ. ರೊಟ್ಟಿ ಬಡಿಯುತ್ತಿದ್ದ ಗೌರವ್ವ ಹಂಚಿನ ಮೇಲಿನ ರೊಟ್ಟಿ ಸೀದರೂ ತಿರುವಲಿಲ್ಲವಂತೆ.

"ಬೈತಾಳ ಅಂತ ಕೂತಿದ್ದೆ. ಬೈಲಿಲ್ಲ. 'ಅಂವಾ ಬಂದ್ರ ಹೇಳು, ಅವ್ವ ನಿನ್ನ ಮಾರಿ ನೋಡಬೇಕಂತಾಳ ಅಂತ ಹೇಳು. ಅಲ್ಲೇ ಆ ಬಾವಿ ಹತ್ರ ಕೂತಿರು' ಅಂದ್ಲು."

ಅಂದು ಫಕೀರಪ್ಪ ಮೂರು ಸಲ ಕರೆದ ದನಿ ದಾದಾಪೀರನಿಗೂ ಕೇಳಿಸಿತ್ತಲ್ಲ. ಅಂದಿನಿಂದ ತಾನೂ ಮಟನ್ ತಿನ್ನಲಾರದವನಾಗಿದ್ದೇನೆ ಎಂದು ಕಡೆಗೆ ಒಂದು ಮಾತು ಅಂದ, ಅವಳನ್ನು ನಗಿಸಲು ಇರಬೇಕು. ಅವಳು ನಗಲಿಲ್ಲ.

ಈಗ ನಿನ್ನೆಯ ಮಾತು.

ನಿನ್ನೆ ಭಾನುವಾರ. ಶಾಲೆ ಇಲ್ಲದಿದ್ದರೂ ಲೀಲಾ ಒಂದು ಗಂಟೆಗೆ ಬಂದಳು. ಮೂರು ಸುತ್ತು ಬಂದು ಕೂತಳು. ಆಟ ಮುಚ್ಚುತ್ತದೆ ಎಂದು ಅಂಗಳದಲ್ಲಿ ಕಡೆಯ ನೋಟಕ್ಕೆ ಬಂದವರು ಕಿಕ್ಕಿರಿದಿದ್ದರು, ಎಲ್ಲಾ ಬರಿದಲೆಯ ಹೊಸಬರು. ಅಪರೂಪಕ್ಕೆ ನನ್ನ ಒಡೆಯನೂ ಫೋನು ಹಿಡಿದು ಕೂತಿದ್ದ.

ಮೂಡಣ ಬಾಗಿಲಿಂದ ಒಬ್ಬ ಹೊಸಬ ಬಂದ. ಒಳಗೆ ಎರಡು ಹೆಜ್ಜೆ ಇಟ್ಟು, ಬಾವಿಯ ಕಡೆ ತಿರುಗಿದ. ಬಲಕ್ಕೆ ತಿರುಗಿದ. ಆ ತಿರುಗುವ ರೀತಿ ನನಗೆ ಗೊತ್ತು. ನನ್ನನ್ನು ಹುಟ್ಟಿಸಿದ ಕೈ ಅದು, ಮರೆಯುತ್ತೇನೆಯೇ? ಒಂದು ಹೆಜ್ಜೆ, ಎರಡು ಹೆಜ್ಜೆ ಬಾವಿಯ ಕಡೆಗೆ ಇಟ್ಟ. ಆಗ ತಲೆಯೆತ್ತಿದ, ಮೆಟ್ಟಿಲ ಮೇಲೆ ನನ್ನನ್ನು ಕಂಡ.

ನಿಂತುಬಿಟ್ಟ. ಬೆರಳು ಮುಟ್ಟಿಸಿದ. ಶಿವಲೀಲಾ ಬೆಟಗೇರಿ. ಕೆಳಗೆ ಚಿನ್ನದ ಅಕ್ಷರ: ಈ ಸಲ ಮಾತ್ರ, ಇನ್ನೆಂದೂ ಯಾರಿಗೂ ಇಲ್ಲ. ಇದಕ್ಕಿಂತ ದೊಡ್ಡ ಗುರುತು ಇನ್ನೇನು ಬೇಕು? ಬಾವಿ ಬಿಟ್ಟ. ಕಟ್ಟೆಯ ಮೇಲೆ ಕೂತಿದ್ದ ಬರಿದಲೆಯ ಹೊಸಬಳೊಬ್ಬಳನ್ನು ಸವರಿಕೊಂಡೇ ದಾಟಿ, ನೆಟ್ಟಗೆ ನನ್ನ ಕಡೆ ಓಡಿಬಂದ. ಲೀಲಾ ಅವನತ್ತ ನೋಡಿರಬಹುದು. ಗೂಬೆ ನೋಡಲು ಓಡುವವರನ್ನು ಅವಳು ದಿನಾ ನೋಡುತ್ತಾಳೆ.

ನನ್ನೆದುರು ಬಹಳ ಹೊತ್ತು ನಿಂತ. ಏನೋ ಬರೆಯುತ್ತಿದ್ದಾನೆ ಎಂಬ ಮೂರು ಚುಕ್ಕಿ ಮೂಡಿದವು, ಅಳಿದವು, ಮತ್ತೆ ಮೂಡಿದವು. ನನ್ನ ಒಡೆಯನಿಗಷ್ಟೇ ಕಾಣುವಂತೆ ಮಾತು ಬಂತು.

"ಲೀಲವ್ವ, ನಾ ನಿಮ್ಮಣ್ಣ. ಅವ್ವ ಹೆಂಗದಾಳ? ನಾ ಮನೀಗೆ ಬರಬಹುದೇನು? ನೀ ಹ್ಞೂಂ ಅಂದ್ರ ಬರ್ತೀನಿ."

ನನ್ನ ಒಡೆಯ ಓದಿದ. ಗೂಬೆ ಬೇಡುವವರ ಹೊಸ ಹೊಸ ನಾಟಕ ನೋಡಿ ಅವನಿಗೆ ಸಾಕಾಗಿತ್ತು. ಸಿಟ್ಟಿನಿಂದೇನೂ ಅಲ್ಲ, ಇದ್ದದ್ದನ್ನು ಇದ್ದ ಹಾಗೆ ಬರೆದ.

"ನನಗೆ ಯಾವ ಅಣ್ಣನೂ ಇಲ್ಲ."

ಅವನ ಮಟ್ಟಿಗೆ ಅದು ನಿಜ. ಮನೆಗೊಬ್ಬನೇ ಮಗ.

ಬಸು ಕದಲಲಿಲ್ಲ. ಮೂರು ಚುಕ್ಕಿ ಇನ್ನೊಮ್ಮೆ ಮೂಡಿ ಅಳಿದವು. ಆಮೇಲೆ ಅವನು ಬಾವಿಯ ಕಡೆ ನೋಡಲೂ ಇಲ್ಲ, ಬಂದ ಬಾಗಿಲವರೆಗೆ ನಡೆದೂ ಹೋಗಲಿಲ್ಲ. ನಿಂತಲ್ಲೇ ಆರಿಹೋದ. ಎದುರಿನ ಕಟ್ಟೆಯ ಮೇಲೆ, ಇಪ್ಪತ್ತೇ ಹೆಜ್ಜೆ ಆಚೆ, ಅವ್ವ ಕರೆಯುತ್ತಾಳೆ ಎಂಬ ಮಾತನ್ನು ಇಟ್ಟುಕೊಂಡು ಲೀಲಾ ಕೂತೇ ಇದ್ದಳು.

ಅಪರೂಪದ್ದು ಅಪರೂಪವಾಗಿಯೇ ಇರಬೇಕೋ ಎಂದು ನನ್ನನ್ನು ಈಗ ಯಾರಾದರೂ ಕೇಳಿದರೆ, ತೀರ್ಪು ಹೇಳುವ ಯೋಗ್ಯತೆ ನನಗಿಲ್ಲ. ದುಡಿದವನ ಬೆವರಿಗೆ ಬೆಲೆ ಬೇಕು, ಕೊಟ್ಟ ಮಾತಿಗೂ ಬೇಕು. ನನಗೆ ತಿಳಿದದ್ದು ಇಷ್ಟು. ನಾನು ಎಲ್ಲರ ತಲೆಯ ಮೇಲೂ ಇದ್ದಿದ್ದರೆ ಬಸು ನನ್ನನ್ನು ಕಂಡು ಓಡಿ ಬರುತ್ತಿರಲಿಲ್ಲ. ಗೂಬೆಗಳ ಗುಂಪಿನಲ್ಲಿ ತಂಗಿಯನ್ನು ಹುಡುಕಲಾರದೆ, ಬೇರೆ ದಾರಿ ಕಾಣದೆ, ಬಾವಿಯನ್ನು ಬಲಕ್ಕೆ ಮೂರು ಸುತ್ತು ಬರುತ್ತಿದ್ದ. ಎರಡು ಹೆಜ್ಜೆ ಇಟ್ಟೂ ಇದ್ದ.

ನಾಳೆ ಒಂದು ಗಂಟೆಗೆ ಊಟದ ಗಂಟೆ ಹೊಡೆಯುತ್ತದೆ. ಲೀಲಾ ಡಬ್ಬಿ ತೆರೆದು, ಫೋನು ಒರಗಿಸಿಟ್ಟು, ಬಾವಿ ಸುತ್ತಿ ಕೂರುತ್ತಾಳೆ. ನಾಡಿದ್ದೂ ಕೂರುತ್ತಾಳೆ. ಅಂಗಳ ಮುಚ್ಚುವ ದಿನದವರೆಗೂ ಅವಳು ಅಲ್ಲಿಂದ ಏಳುವುದಿಲ್ಲ, ಅವ್ವನಿಗೆ ಮಾತು ಕೊಟ್ಟಿದ್ದಾಳೆ. ಅವನು ಬಂದು ಹೋದನೆಂದು ಇಡೀ ಅಂಗಳದಲ್ಲಿ ತಿಳಿದಿರುವುದು ನನಗೊಂದಕ್ಕೇ. ನನ್ನನ್ನು ಬರೆದವಳು ಕೊಕ್ಕನ್ನು ಮುಚ್ಚಿಯೇ ಬರೆದಿದ್ದಾಳೆ.